ಪಂಕ್ ಸಂಗೀತವೂ ಅದರ ಸಭಾಗೃಹಗಳೂ

ಯಾವುದೊಂದು ಕಲೆಯ ಚರಿತ್ರೆಯನ್ನು ಬರೆಯುವಾಗ ಕಲಾವಿದರ ಹೆಸರು, ಅವರ ಕೃತಿಗಳು, ಅವರ ಕಾಲ ಇವುಗಳಿಗೆ ದೊರೆಯುವ ಗಮನವು ಆ ಕಲೆ ನಡೆದ ಸ್ಥಳಕ್ಕೆ ದೊರೆಯುವುದು ಅಪೂರ್ವ. ಹಾಲನ್ನು ತಂಬಿಗೆಯಲ್ಲಿಟ್ಟರೂ ಕೊಪ್ಪರಿಗೆಯಲ್ಲಿಟ್ಟರೂ ಹಾಲೇ ಆಗಿರುವಂತೆ, ಹಾಡನ್ನು ಎಲ್ಲಿ ಹಾಡಿದರೂ ಅದು ಅದೇ ಹಾಡೆಂಬ ನಂಬಿಕೆಯು ಇದಕ್ಕೆ ಕಾರಣವಾಗಿರಬಹುದು. ಆದರೆ ಇಪ್ಪತ್ತನೆಯ ಶತಮಾನದ ಎಂಟನೆಯ ದಶಕದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ತಲೆಯೆತ್ತಿದ ಪಂಕ್ ಎಂಬ ಸಂಗೀತದ ವಿಷಯದಲ್ಲಿ ಈ ನಂಬಿಕೆ ನಿಲ್ಲಲಾರದು. ಅಲ್ಲಿ ಪಾತ್ರೆ ಬದಲಾದೊಡನೆ ಒಳಗಿನ ಪದಾರ್ಥವೂ ಬದಲಾಯಿತು. ಆ ಸಂಗೀತವು ಎಂತಹ ಕೋಣೆಗಳಲ್ಲಿ ಹುಟ್ಟಿತು, ಕೋಣೆ ದೊಡ್ಡದಾದಾಗ ಅದರ ಗತಿ ಏನಾಯಿತು, ಅದನ್ನು ಚಿಕ್ಕ ಕೋಣೆಯಲ್ಲಿಯೇ ಉಳಿಸಿಕೊಳ್ಳಬೇಕೆಂದು ಹೊರಟವರು ತೆತ್ತ ಬೆಲೆ ಎಷ್ಟು ಎಂಬುದನ್ನು ವಿಚಾರಿಸುವುದು ಕಲಾಭಿಮಾನಿಗಳಿಗೆ ನಿರರ್ಥಕವಾಗಲಾರದು.

‘ಪಂಕ್’ ಎಂಬ ಇಂಗ್ಲಿಷ್ ಮಾತಿಗೆ ಕೆಲಸಕ್ಕೆ ಬಾರದ ಪೋಲಿ ಹುಡುಗನೆಂಬ ಅರ್ಥವುಂಟು. ಬೈಗುಳಾಗಿ ಬಂದ ಹೆಸರನ್ನು ಆ ಸಂಗೀತಗಾರರು ಬಿರುದಿನಂತೆ ಧರಿಸಿಕೊಂಡರು. ಅವರ ಕಾಲಕ್ಕೆ ಪಾಶ್ಚಾತ್ಯ ರಾಕ್ ಸಂಗೀತವು ಐಶ್ವರ್ಯದ ತುದಿಯನ್ನು ಮುಟ್ಟಿದ್ದಿತು. ಹೆಸರಾಂತ ಮೇಳಗಳು ಕ್ರೀಡಾಂಗಣಗಳಲ್ಲಿ ಹಾಡುತ್ತಿದ್ದುವು. ಅವುಗಳ ಹಿಂದೆ ಲಾರಿಗಟ್ಟಲೆ ಯಂತ್ರೋಪಕರಣಗಳು ಸಾಗುತ್ತಿದ್ದುವು. ಒಬ್ಬ ವಾದಕನು ಒಂದೇ ಹಾಡಿನ ನಡುವೆ ಹತ್ತಾರು ನಿಮಿಷ ತನ್ನ ಕೈಚಳಕವನ್ನು ತೋರಿಸುವುದು ವಾಡಿಕೆಯಾಗಿದ್ದಿತು. ಇದನ್ನು ಕಂಡು ಬೇಸತ್ತ ತರುಣರು ಹಾಡನ್ನು ಎರಡು ನಿಮಿಷಕ್ಕಿಳಿಸಿದರು. ಮೂರು ಸ್ವರಗುಚ್ಛಗಳನ್ನು ಬಲ್ಲವನು ಗಿಟಾರನ್ನು ಹಿಡಿಯಬಹುದೆಂದು ಸಾರಿದರು. ರಾಮೋನ್ಸ್ ಮೇಳವು ೧೯೭೬ನೆಯ ಇಸವಿಯ ಏಪ್ರಿಲಿನಲ್ಲಿ ಹೊರಡಿಸಿದ ಮೊದಲನೆಯ ಧ್ವನಿಮುದ್ರಿಕೆಯಲ್ಲಿ ಹದಿನಾಲ್ಕು ಹಾಡುಗಳಿದ್ದು, ಅವೆಲ್ಲವೂ ಸೇರಿ ಅರ್ಧ ಗಂಟೆಯನ್ನೂ ತುಂಬುವುದಿಲ್ಲ. ಇಂತಹ ಸಂಗೀತಕ್ಕೆ ಎಂತಹ ಮನೆ ಬೇಕು?

ನ್ಯೂಯಾರ್ಕಿನ ಮ್ಯಾನ್‌ಹಟನ್ ಭಾಗದಲ್ಲಿ ಬವರಿ ಎಂಬ ಬೀದಿಯುಂಟು. ದಿಕ್ಕಿಲ್ಲದವರೂ ಕುಡಿತಕ್ಕೆ ಬಲಿಯಾದವರೂ ರಾತ್ರಿ ತಂಗುವ ಅಗ್ಗದ ವಸತಿಗೃಹಗಳಿಗೆ ಅದು ಆ ದಿನಗಳಲ್ಲಿ ಹೆಸರಾಗಿದ್ದಿತು. ಅಂತಹುದೊಂದು ವಸತಿಗೃಹದ ಕೆಳಗೆ, ೩೧೫ನೆಯ ಸಂಖ್ಯೆಯ ಕಟ್ಟಡದಲ್ಲಿ, ಹಿಲಿ ಕ್ರಿಸ್ಟಲ್ ಎಂಬಾತನು ೧೯೭೩ನೆಯ ಇಸವಿಯ ಡಿಸೆಂಬರಿನಲ್ಲಿ ಒಂದು ಪಾನಗೃಹವನ್ನು ತೆರೆದನು. ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಎಂಬ ಮೂರು ಅಮೆರಿಕನ್ ಜಾನಪದ ಪ್ರಕಾರಗಳನ್ನು ಅಲ್ಲಿ ಕೇಳಿಸಬೇಕೆಂಬುದು ಅವನ ಉದ್ದೇಶ. ಆ ಹೆಸರುಗಳ ಅಕ್ಷರಗಳನ್ನೇ ಕೂಡಿಸಿ ಪಾನಗೃಹಕ್ಕೆ ಸಿ.ಬಿ.ಜಿ.ಬಿ. ಎಂದು ಹೆಸರಿಟ್ಟನು. ಆದರೆ ಅವನು ಕರೆದ ಸಂಗೀತ ಬರಲಿಲ್ಲ. ಬಂದವರು, ನಗರದಲ್ಲಿ ಬೇರೆಲ್ಲಿಯೂ ವೇದಿಕೆ ದೊರೆಯದ ತರುಣರು. ೧೯೭೪ನೆಯ ಇಸವಿಯ ಮಾರ್ಚ್ ೩೧ರಂದು ಟೆಲಿವಿಷನ್ ಎಂಬ ಮೇಳವೂ, ಆಗಸ್ಟ್ ೧೬ರಂದು ರಾಮೋನ್ಸ್ ಮೇಳವೂ ಅಲ್ಲಿ ಮೊದಲನೆಯ ಬಾರಿ ನುಡಿಸಿದುವು. ಕ್ರಿಸ್ಟಲನು ವಿಧಿಸಿದ ನಿಯಮ ಒಂದೇ: ಹಾಡುವವರು ತಮ್ಮ ಸ್ವಂತ ಹಾಡುಗಳನ್ನೇ ಹಾಡಬೇಕು. ಜನಪ್ರಿಯ ಹಾಡುಗಳ ಅನುಕರಣವನ್ನೇ ಬಯಸುತ್ತಿದ್ದ ಇತರ ಪಾನಗೃಹಗಳಿಂದ ಇದನ್ನು ಬೇರ್ಪಡಿಸಿದ ನಿಯಮವಿದು.

ಆ ಕೋಣೆಯು ಓಣಿಯಂತೆ ಉದ್ದವಾಗಿ, ಇಕ್ಕಟ್ಟಾಗಿ, ಮಸುಕಾಗಿದ್ದಿತು. ಒಂದು ಪಕ್ಕಕ್ಕೆ ಮದ್ಯ ಕೊಡುವ ಕಟ್ಟೆ. ಕೊನೆಯಲ್ಲಿ ತಗ್ಗಾದ ವೇದಿಕೆ. ಮುನ್ನೂರೈವತ್ತು ಮಂದಿ ಸೇರಿದರೆ ಕಾಲಿಡಲು ಎಡೆಯಿರಲಿಲ್ಲ. ಇಷ್ಟು ಚಿಕ್ಕ ಕೋಣೆಯು ಆ ಸಂಗೀತಕ್ಕೆ ಕೇವಲ ಆಶ್ರಯವಾಗಿರದೆ ಅದರ ಒಂದು ಅಂಗವೇ ಆಯಿತೆಂಬುದಕ್ಕೆ ಶಬ್ದಶಾಸ್ತ್ರದ ಒಂದು ಸರಳ ಲೆಕ್ಕವು ಸಾಕ್ಷಿ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುವುದು. ನೂರು ಮೀಟರು ದೂರ ಕುಳಿತವನಿಗೆ ಡ್ರಮ್ಮಿನ ಮೇಲೆ ಕೋಲು ಬಿದ್ದುದು ಮೊದಲು ಕಾಣುವುದು. ವೇದಿಕೆಯಿಂದ ಹೊರಟ ಸದ್ದು ಅವನ ಕಿವಿಯನ್ನು ಮುಟ್ಟುವುದು ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು ಕಾಲ ಕಳೆದ ಮೇಲೆ. ರಾಮೋನ್ಸ್ ಮೇಳದ ಹಾಡುಗಳು ನಿಮಿಷಕ್ಕೆ ನೂರೆಂಬತ್ತರ ಆಸುಪಾಸಿನ ಪೆಟ್ಟುಗಳಲ್ಲಿ ಓಡುವುದರಿಂದ, ಆ ಶ್ರೋತೃವು ಕಣ್ಣಿಗೂ ಕಿವಿಗೂ ನಡುವೆ ಹೆಚ್ಚುಕಡಿಮೆ ಒಂದು ಪೂರ್ಣ ಪೆಟ್ಟಿನಷ್ಟು ಹಿಂದುಳಿಯುವನು. ಮೇಲಾಗಿ, ವಿಶಾಲವಾದ ಸಭಾಗೃಹದಲ್ಲಿ ದೂರದ ಗೋಡೆಗಳಿಂದ ಮರಳುವ ಪ್ರತಿಧ್ವನಿಯು ಬಿರುಸಿನ ಪೆಟ್ಟುಗಳನ್ನು ಒಂದರ ಮೇಲೊಂದು ಹೇರಿ ಕಲಸುವುದು. ವಿಳಂಬಗತಿಯ ಸಂಗೀತವು ಈ ದೋಷವನ್ನು ತಾಳಿಕೊಳ್ಳಬಲ್ಲುದು; ವೇಗವೇ ಜೀವವಾದ ಸಂಗೀತವು ತಾಳಿಕೊಳ್ಳಲಾರದು. ಚಿಕ್ಕ ಕೋಣೆಯಲ್ಲಿಯಾದರೋ ಕೋಲಿನ ಪೆಟ್ಟು, ಅದರ ಸದ್ದು, ಕೇಳುವವನ ಮೈಯ ಕಂಪ ಇವು ಮೂರೂ ಒಂದೇ ಕ್ಷಣದಲ್ಲಿ ನಡೆಯುವುವು. ಗಾಯಕನ ಬೆವರು ಕಾಣುವುದು. ಅವನು ತಪ್ಪಿದುದೂ ಕಾಣುವುದು. ತಪ್ಪಿಯೂ ಹಾಡನ್ನು ನಿಲ್ಲಿಸದೆ ಮುಂದುವರಿಸಿದನೆಂಬುದು ಕಂಡಾಗ, ನೋಡುವವನ ಮನಸ್ಸಿನಲ್ಲಿ ‘ಇದು ನನ್ನಿಂದಲೂ ಸಾಧ್ಯ’ ಎಂಬ ಭಾವನೆ ಮೂಡುವುದು ಸಹಜ. ಪಂಕ್ ಸಂಗೀತವು ಹರಡಿದುದು ಈ ಭಾವನೆಯ ಬಲದಿಂದ.

ಇದಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ನಡೆದ ಒಂದು ಸಂಜೆಯ ವೃತ್ತಾಂತಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು. ಹೋವರ್ಡ್ ಡಿವೋಟೊ, ಪೀಟ್ ಶೆಲ್ಲಿ ಎಂಬ ಇಬ್ಬರು ತರುಣರು ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಎಂಬ ಮೇಳದ ವಿಷಯವನ್ನು ಪತ್ರಿಕೆಯೊಂದರಲ್ಲಿ ಓದಿ, ಅದನ್ನು ಹೋಗಿ ನೋಡಿ ಬಂದು, ತಮ್ಮ ಊರಿಗೂ ಕರೆಯಿಸಬೇಕೆಂದು ಹೊರಟರು. ನಗರದ ಪ್ರಸಿದ್ಧವಾದ ಫ್ರೀ ಟ್ರೇಡ್ ಹಾಲಿನ ದೊಡ್ಡ ಸಭಾಗೃಹವನ್ನು ಹಿಡಿಯುವ ಶಕ್ತಿ ಅವರಿಗೆಲ್ಲಿಂದ ಬರಬೇಕು? ಅದೇ ಕಟ್ಟಡದ ಮಹಡಿಯ ಮೇಲಣ ಚಿಕ್ಕ ಸಭಾಗೃಹವನ್ನು ಬಾಡಿಗೆಗೆ ಪಡೆದು, ಐವತ್ತು ಪೆನ್ಸಿನ ಟಿಕೆಟನ್ನಿಟ್ಟರು. ೧೯೭೬ನೆಯ ಇಸವಿಯ ಜೂನ್ ೪ರಂದು ಅಲ್ಲಿ ಸೇರಿದವರು ಸುಮಾರು ನಾಲ್ವತ್ತು ಮಂದಿ. ವ್ಯಾಪಾರದ ದೃಷ್ಟಿಯಿಂದ ಅದು ಸೋಲೇ ಸರಿ. ಆದರೆ ಆ ನಾಲ್ವತ್ತು ಮಂದಿಯಲ್ಲಿ ಪೀಟರ್ ಹುಕ್ ಎಂಬ ಹುಡುಗನು ಮರುದಿನವೇ ಅಂಗಡಿಗೆ ಹೋಗಿ ಒಂದು ಬೇಸ್ ಗಿಟಾರನ್ನು ಕೊಂಡನು. ಅವನೂ, ಅಂದು ಅವನೊಡನಿದ್ದ ಬರ್ನಾರ್ಡ್ ಸಮ್ನರನೂ ಮುಂದೆ ಜಾಯ್ ಡಿವಿಷನ್ ಎಂಬ ಮೇಳದ ಸ್ಥಾಪಕರಾದರು. ಅಲ್ಲಿದ್ದ ಮಾರಿಸಿಯು ಕೆಲವು ವರ್ಷಗಳ ಬಳಿಕ ಸ್ಮಿತ್ಸ್ ಎಂಬ ಮೇಳದ ಗಾಯಕನಾದನು. ಡಿವೋಟೊ, ಶೆಲ್ಲಿಯರು ಅದೇ ಜುಲೈ ೨೦ರಂದು, ಅದೇ ಸಭಾಗೃಹದಲ್ಲಿ, ತಮ್ಮದೇ ಬಜ್‌ಕಾಕ್ಸ್ ಮೇಳದೊಡನೆ ವೇದಿಕೆಯೇರಿದರು. ೧೯೭೭ನೆಯ ಇಸವಿಯ ಜನವರಿಯಲ್ಲಿ ಐನೂರು ಪೌಂಡು ಸಾಲ ಮಾಡಿ ತಮ್ಮ ಧ್ವನಿಮುದ್ರಿಕೆಯನ್ನು ತಾವೇ ಪ್ರಕಟಿಸಿ, ದೊಡ್ಡ ಕಂಪೆನಿಗಳ ಹಂಗಿಲ್ಲದೆಯೂ ಸಂಗೀತವನ್ನು ಹೊರತರಬಹುದೆಂದು ತೋರಿಸಿಕೊಟ್ಟರು. ಆ ಜೂನ್ ತಿಂಗಳ ಸಂಜೆ ತಾವೂ ಅಲ್ಲಿದ್ದೆವೆಂದು ಹೇಳಿಕೊಂಡವರ ಸಂಖ್ಯೆಯು ಆಮೇಲೆ ನಾಲ್ವತ್ತರ ಎಷ್ಟೋ ಪಾಲು ಬೆಳೆಯಿತೆಂಬುದು ಆ ನಗರದ ಒಂದು ವಿನೋದ.

ಹೀಗೆಂದು ಪಂಕ್ ಮೇಳಗಳು ಚಿಕ್ಕ ಕೋಣೆಯನ್ನು ತತ್ತ್ವಕ್ಕಾಗಿಯೇ ಆರಿಸಿಕೊಂಡುವೆಂದು ಹೇಳುವುದು ಸತ್ಯವಾಗದು. ಬಡತನವೂ ಬಹಿಷ್ಕಾರವೂ ಅವುಗಳನ್ನು ಅಲ್ಲಿಗೆ ನೂಕಿದುವು. ೧೯೭೬ನೆಯ ಇಸವಿಯ ಡಿಸೆಂಬರ್ ೧ರಂದು ಸೆಕ್ಸ್ ಪಿಸ್ಟಲ್ಸ್ ಮೇಳದವರು ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ಅಶ್ಲೀಲವಾದ ಮಾತುಗಳನ್ನಾಡಿದ ಪ್ರಕರಣವು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿತು. ಆ ತಿಂಗಳು ಅವರು ಕೈಗೊಂಡಿದ್ದ ಪ್ರವಾಸದ ಕಚೇರಿಗಳಲ್ಲಿ ಬಹುಪಾಲನ್ನು ನಗರಸಭೆಗಳೂ ಸಭಾಗೃಹದ ಒಡೆಯರೂ ರದ್ದುಗೊಳಿಸಿದರು. ದೊಡ್ಡ ಬಾಗಿಲುಗಳು ಮುಚ್ಚಿದ ಆ ಡಿಸೆಂಬರಿನಲ್ಲಿಯೇ ಲಂಡನ್ನಿನ ಕಾವೆಂಟ್ ಗಾರ್ಡನ್ ಬಳಿಯ ನೀಲ್ ಬೀದಿಯಲ್ಲಿ ರಾಕ್ಸಿ ಎಂಬ ಚಿಕ್ಕ ಬಾಗಿಲು ತೆರೆಯಿತು. ಕೆಳಗೆ ನೆಲಮಾಳಿಗೆಯಲ್ಲಿ ಸಂಗೀತ, ಮೇಲೆ ಪಾನಗೃಹ. ಪಂಕ್ ಧ್ವನಿಮುದ್ರಿಕೆಗಳು ಆಗಿನ್ನೂ ಬೆರಳೆಣಿಕೆಯಷ್ಟಿದ್ದುದರಿಂದ, ಮೇಳಗಳ ನಡುವಣ ವಿರಾಮದಲ್ಲಿ ಡಾನ್ ಲೆಟ್ಸ್ ಎಂಬ ತರುಣನು ಜಮೈಕಾ ದ್ವೀಪದ ರೆಗೆ ಸಂಗೀತದ ತಟ್ಟೆಗಳನ್ನು ಹಾಕುತ್ತಿದ್ದನು. ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ನಿಂತ ಬಿಳಿಯ ಹುಡುಗರ ಕಿವಿಗೆ ಕರಿಯರ ಸಂಗೀತವು ಹೀಗೆ ನಿತ್ಯವೂ ಬಿದ್ದು, ಪಂಕ್ ಮೇಳಗಳ ಹಾಡಿನೊಳಗೂ ಹೊಕ್ಕಿತು. ಎಕ್ಸ್-ರೇ ಸ್ಪೆಕ್ಸ್, ಸ್ಲಿಟ್ಸ್ ಮೊದಲಾದ ಮೇಳಗಳ ಮೂಲಕ ತರುಣಿಯರು ಅಲ್ಲಿ ವೇದಿಕೆಯ ಮುಂಭಾಗಕ್ಕೆ ಬಂದರು. ೧೯೭೭ರಲ್ಲಿ ಆ ಸ್ಥಳದ ಸಂಗೀತವನ್ನು ಮುದ್ರಿಸಿ ಪ್ರಕಟಿಸಿದವರು ಹಾಡುಗಳೊಡನೆ ಪ್ರೇಕ್ಷಕರ ಹರಟೆಯನ್ನೂ ಗುಟ್ಟಾಗಿ ಮುದ್ರಿಸಿ ತಟ್ಟೆಯಲ್ಲಿ ಸೇರಿಸಿದರು. ಕೇಳುವವರೂ ಕೃತಿಯ ಭಾಗವೆಂಬುದನ್ನು ಅವರು ಗ್ರಹಿಸಿದ್ದರೆಂದು ತೋರುತ್ತದೆ.

ಚಿಕ್ಕ ಕೋಣೆಯ ಗುಣವನ್ನು ಹೇಳುವಾಗ ಅದರ ದೋಷವನ್ನು ಮುಚ್ಚಿಡಲಾಗದು. ಸಾಮೀಪ್ಯವು ಸ್ನೇಹವನ್ನು ಬೆಳೆಸುವಂತೆ ಅಪಾಯವನ್ನೂ ತರುವುದು. ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯ ನೆಲಮಾಳಿಗೆಯಲ್ಲಿರುವ ೧೦೦ ಕ್ಲಬ್ ಎಂಬಲ್ಲಿ ೧೯೭೬ನೆಯ ಇಸವಿಯ ಸೆಪ್ಟೆಂಬರ್ ೨೦, ೨೧ರಂದು ಪಂಕ್ ಮೇಳಗಳ ಉತ್ಸವ ನಡೆಯಿತು. ಎರಡನೆಯ ರಾತ್ರಿ ಗುಂಪಿನಿಂದ ಯಾರೋ ಎಸೆದ ಗಾಜಿನ ಲೋಟವು ಒಡೆದು, ಅದರ ಚೂರು ತರುಣಿಯೊಬ್ಬಳ ಕಣ್ಣಿಗೆ ತಗುಲಿ, ಆಕೆ ಆ ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡಳು. ಕ್ಲಬ್ಬಿನವರು ಪಂಕ್ ಮೇಳಗಳನ್ನು ನಿಷೇಧಿಸಿದರು. ತಗ್ಗಾದ ಛಾವಣಿಯ ಕೆಳಗೆ, ಮೈಗೆ ಮೈ ತಾಗುವ ಗುಂಪಿನಲ್ಲಿ, ಒಬ್ಬನ ಪುಂಡಾಟಕ್ಕೆ ಇನ್ನೊಬ್ಬರು ಬೆಲೆ ತೆರಬೇಕಾಗುವುದು. ಈ ಪ್ರಶ್ನೆಯನ್ನು ಮುಂದಿನ ತಲೆಮಾರಿನವರು ಎದುರಿಸಬೇಕಾಯಿತು.

ಇನ್ನು ಕೋಣೆ ದೊಡ್ಡದಾದ ಬಗೆಯನ್ನು ನೋಡೋಣ. ೧೯೭೭ನೆಯ ಇಸವಿಯ ಕ್ರಿಸ್‌ಮಸ್ ದಿನ ಸೆಕ್ಸ್ ಪಿಸ್ಟಲ್ಸ್ ಮೇಳವು ಹಡರ್ಸ್‌ಫೀಲ್ಡ್ ಎಂಬ ಊರಿನ ಇವಾನ್‌ಹೋಸ್ ಎಂಬ ಕ್ಲಬ್ಬಿನಲ್ಲಿ ಹಾಡಿತು. ಅಂದು ಮಧ್ಯಾಹ್ನದ ಪ್ರೇಕ್ಷಕರು, ಮುಷ್ಕರ ಹೂಡಿದ್ದ ಅಗ್ನಿಶಾಮಕ ದಳದವರ ಮಕ್ಕಳು. ಊರೂರುಗಳಲ್ಲಿ ಬಹಿಷ್ಕೃತವಾದ ಮೇಳವು ಆ ಮಕ್ಕಳಿಗೆ ಉಡುಗೊರೆ ಹಂಚಿ, ಕೇಕಿನಾಟದಲ್ಲಿ ಮುಖಕ್ಕೆಲ್ಲ ಮೆತ್ತಿಕೊಂಡು, ಅವರ ನಡುವೆ ನಿಂತು ಹಾಡಿತು. ಇದಾದ ಇಪ್ಪತ್ತನೆಯ ದಿನ, ೧೯೭೮ನೆಯ ಇಸವಿಯ ಜನವರಿ ೧೪ರಂದು, ಅದೇ ಮೇಳವು ಅಮೆರಿಕೆಯ ಸಾನ್‌ಫ್ರಾನ್ಸಿಸ್ಕೊ ನಗರದ ವಿಂಟರ್‌ಲ್ಯಾಂಡ್ ಎಂಬಲ್ಲಿ ನಿಂತಿತು. ಹಿಂದೆ ಮಂಜಿನ ಮೇಲೆ ಜಾರುವ ಆಟಕ್ಕಾಗಿ ಕಟ್ಟಿದ ವಿಶಾಲ ಸ್ಥಳವದು. ಸೇರಿದವರು ಐದು ಸಾವಿರದಷ್ಟು. ಆ ಮೇಳವು ಅದುವರೆಗೆ ಕಂಡ ಗುಂಪುಗಳಲ್ಲಿ ಅದೇ ದೊಡ್ಡದು. ಒಡೆಯುವ ಮುನ್ನ ಅದು ಕಂಡ ಕೊನೆಯ ಗುಂಪೂ ಅದೇ ಆಯಿತು. ಕಚೇರಿಯ ಕೊನೆಗೆ ಗಾಯಕನಾದ ಜಾನಿ ರಾಟನನು ವೇದಿಕೆಯ ಅಂಚಿನಲ್ಲಿ ಕುಕ್ಕರಿಸಿ, ಮೋಸಹೋದಂತೆನಿಸಿತೇ ಎಂಬ ಅರ್ಥದ ಮಾತನ್ನು ಪ್ರೇಕ್ಷಕರನ್ನು ಕುರಿತು ಕೇಳಿ ಹೊರಟುಹೋದನು. ಕೆಲವೇ ದಿನಗಳಲ್ಲಿ ಮೇಳವು ಒಡೆಯಿತು. ಒಳಜಗಳ, ಮಾದಕವಸ್ತು, ವ್ಯವಸ್ಥಾಪಕನೊಡನೆ ವೈಮನಸ್ಯ ಇವೆಲ್ಲವೂ ಅದಕ್ಕೆ ಕಾರಣ. ಸಭಾಗೃಹದ ವಿಸ್ತಾರವೊಂದನ್ನೇ ದೂರುವುದು ನ್ಯಾಯವಲ್ಲ. ಆದರೂ ಹಡರ್ಸ್‌ಫೀಲ್ಡಿನ ಮಧ್ಯಾಹ್ನವನ್ನೂ ವಿಂಟರ್‌ಲ್ಯಾಂಡಿನ ರಾತ್ರಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ, ಅದೇ ನಾಲ್ವರು ಅವೇ ಹಾಡುಗಳನ್ನು ಹಾಡಿದರೆಂದು ನಂಬುವುದು ಕಷ್ಟ.

ಕ್ಲ್ಯಾಷ್ ಎಂಬ ಮೇಳದ ಅನುಭವವು ಇನ್ನೂ ಬೋಧಪ್ರದವಾದುದು. ೧೯೮೧ನೆಯ ಇಸವಿಯ ಮೇ ತಿಂಗಳ ಕೊನೆಗೆ ಅದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಬಳಿ, ಹಿಂದೆ ಬಟ್ಟೆಯಂಗಡಿಯಾಗಿದ್ದ ಬಾಂಡ್ಸ್ ಎಂಬ ಸಭಾಗೃಹದಲ್ಲಿ ಎಂಟು ಕಚೇರಿಗಳನ್ನು ಗೊತ್ತುಮಾಡಿಕೊಂಡಿದ್ದಿತು. ಸ್ಥಳಕ್ಕೆ ಮೀರಿ ಟಿಕೆಟುಗಳು ಮಾರಾಟವಾಗಿದ್ದುವು. ಅಗ್ನಿಶಾಮಕ ಅಧಿಕಾರಿಗಳು ನಡುವೆ ಬಂದು, ಒಂದು ಹೊತ್ತಿಗೆ ೧,೭೫೦ ಮಂದಿಗಿಂತ ಹೆಚ್ಚು ಸೇರಕೂಡದೆಂದು ವಿಧಿಸಿದರು. ಹೆಚ್ಚಿನವರ ಹಣವನ್ನು ಹಿಂದಿರುಗಿಸಿ ಕೈತೊಳೆದುಕೊಳ್ಳುವುದು, ಇಲ್ಲವೆ ದೊಡ್ಡ ಸ್ಥಳಕ್ಕೆ ಹೋಗುವುದು ಸುಲಭವಾದ ದಾರಿಗಳು. ಮೇಳವು ಎರಡನ್ನೂ ಬಿಟ್ಟು, ಟಿಕೆಟು ಕೊಂಡ ಪ್ರತಿಯೊಬ್ಬರಿಗೂ ಹಾಡಲು ನಿಶ್ಚಯಿಸಿ, ಎಂಟಕ್ಕೆ ಬದಲಾಗಿ ಹದಿನೇಳು ಕಚೇರಿಗಳನ್ನು ನಡೆಸಿತು. ಕೋಣೆಯನ್ನು ಹಿಗ್ಗಿಸುವುದಕ್ಕೆ ಬದಲು ದಿನಗಳನ್ನು ಹಿಗ್ಗಿಸಿದ ಈ ಕ್ರಮದಲ್ಲಿ ಶ್ರಮವು ಪ್ರೇಕ್ಷಕರ ಪಾಲಿಗೆ ಬಾರದೆ ಹಾಡುವವರ ಪಾಲಿಗೆ ಬಂದಿತು. ಅದೇ ಕಚೇರಿಗಳಲ್ಲಿ ಮೊದಲು ನುಡಿಸಲು ಕರೆಯಿಸಿದ್ದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ಮೊದಲಾದ ಕರಿಯ ಕಲಾವಿದರನ್ನು ಗುಂಪು ಕೂಗಿ ಅವಮಾನಿಸಿ, ಅವರ ಮೇಲೆ ಲೋಟಗಳನ್ನೆಸೆಯಿತೆಂಬುದನ್ನೂ ಹೇಳಬೇಕು. ಸಾಮೀಪ್ಯದಿಂದಲೇ ಔದಾರ್ಯ ಹುಟ್ಟುವುದಿಲ್ಲ. ಮರುವರ್ಷ, ೧೯೮೨ನೆಯ ಇಸವಿಯ ಅಕ್ಟೋಬರ್ ೧೨, ೧೩ರಂದು, ಕ್ಲ್ಯಾಷ್ ಮೇಳವು ಅದೇ ನಗರದ ಶೇ ಕ್ರೀಡಾಂಗಣದಲ್ಲಿ, ಹೂ ಎಂಬ ಹಿರಿಯ ಮೇಳಕ್ಕೆ ಮುನ್ನ, ಹತ್ತಾರು ಸಾವಿರ ಮಂದಿಯ ಮುಂದೆ ಹಾಡಿತು. ಕ್ರೀಡಾಂಗಣದ ಸಂಗೀತಕ್ಕೆ ಎದುರಾಗಿ ಹುಟ್ಟಿದುದು ಎಂಟೇ ವರ್ಷಗಳಲ್ಲಿ ಕ್ರೀಡಾಂಗಣವನ್ನು ಹೊಕ್ಕಿದ್ದಿತು. ೧೯೮೩ರಲ್ಲಿ ಮಿಕ್ ಜೋನ್ಸನನ್ನು ಮೇಳದಿಂದ ಹೊರಹಾಕಲಾಯಿತು. ಕೆಲವು ಕಾಲದಲ್ಲಿ ಮೇಳವೂ ಅಳಿಯಿತು.

ಈ ಪಾಠವನ್ನು ಕಲಿತವರು ಅಮೆರಿಕೆಯ ಮುಂದಿನ ತಲೆಮಾರಿನ ಹುಡುಗರು. ಚಿಕ್ಕ ಕೋಣೆಯು ಮದ್ಯದ ಲಾಭದಿಂದ ಬದುಕುವಾಗ, ಮದ್ಯ ಕುಡಿಯುವ ವಯಸ್ಸು ಬಾರದ ಹುಡುಗರಿಗೆ ಅಲ್ಲಿ ಪ್ರವೇಶವಿರುವುದಿಲ್ಲ. ಆದರೆ ಪಂಕ್ ಸಂಗೀತವನ್ನು ಕಟ್ಟುತ್ತಿದ್ದವರೂ ಕೇಳುತ್ತಿದ್ದವರೂ ಬಹುಮಟ್ಟಿಗೆ ಆ ವಯಸ್ಸಿನವರೇ. ೧೯೮೦ರಲ್ಲಿ ವಾಷಿಂಗ್ಟನ್ ನಗರದ ಟೀನ್ ಐಡಲ್ಸ್ ಎಂಬ ಬಾಲಕರ ಮೇಳವು ಸಾನ್‌ಫ್ರಾನ್ಸಿಸ್ಕೊದ ಮಾಬುಹೈ ಗಾರ್ಡನ್ಸ್ ಎಂಬಲ್ಲಿಗೆ ಹೋದಾಗ, ಅವರಿಗೆ ಯಾರೂ ಮದ್ಯ ಕೊಡದಿರಲೆಂದು ಕೈಯ ಮೇಲೆ ದೊಡ್ಡದಾಗಿ ಕತ್ತರಿಗುರುತನ್ನು ಹಾಕಿ ಒಳಗೆ ಬಿಡಲಾಯಿತು. ಹುಡುಗರು ಈ ಉಪಾಯವನ್ನು ತಮ್ಮ ಊರಿಗೆ ಒಯ್ದು, ಅಲ್ಲಿಯ ಕ್ಲಬ್ಬುಗಳ ಬಾಗಿಲನ್ನು ತೆರೆಯಿಸಿಕೊಂಡರು. ಆ ಮೇಳದಲ್ಲಿದ್ದ ಇಯನ್ ಮಕೈ ಎಂಬಾತನು ಮುಂದೆ, ೧೯೮೭ರಲ್ಲಿ, ಫುಗಾಜಿ ಎಂಬ ಮೇಳದೊಡನೆ ವೇದಿಕೆಯೇರಿದನು. ಪ್ರವೇಶಧನ ಐದು ಡಾಲರಿನ ಸುಮಾರಿನಲ್ಲಿರಬೇಕು, ಎಲ್ಲ ವಯಸ್ಸಿನವರಿಗೂ ಪ್ರವೇಶವಿರಬೇಕು ಎಂಬುವು ಆ ಮೇಳದ ನಿಯಮಗಳು. ಗುಂಪಿನಲ್ಲಿ ಯಾರಾದರೂ ಇತರರಿಗೆ ಪೆಟ್ಟಾಗುವಂತೆ ಕುಣಿದರೆ ಮೇಳವು ಸಂಗೀತವನ್ನು ನಿಲ್ಲಿಸಿ, ಅವನಿಗೆ ಬುದ್ಧಿ ಹೇಳಿ, ಕೇಳದಿದ್ದರೆ ಐದು ಡಾಲರನ್ನು ಹಿಂದಕ್ಕೆ ಕೊಟ್ಟು ಹೊರಗೆ ಕಳುಹಿಸುತ್ತಿದ್ದಿತು. ೧೦೦ ಕ್ಲಬ್ಬಿನಲ್ಲಿ ಕಣ್ಣು ಕಳೆದುಕೊಂಡವಳ ಪ್ರಶ್ನೆಗೆ ಇದು ತಡವಾಗಿ ಬಂದ ಒಂದು ಉತ್ತರ. ೨೦೦೨ರವರೆಗೆ ನುಡಿಸಿದ ಈ ಮೇಳಕ್ಕೆ ಸಾವಿರಗಟ್ಟಲೆ ಪ್ರೇಕ್ಷಕರು ಸೇರುವ ದಿನಗಳೂ ಬಂದುವು. ಆಗಲೂ ಈ ನಿಯಮಗಳನ್ನು ಅದು ಬಿಡಲಿಲ್ಲ.

ಇನ್ನೊಂದು ಬಗೆಯ ಪ್ರಯೋಗವು ಕ್ಯಾಲಿಫೋರ್ನಿಯದ ಬರ್ಕ್‌ಲಿ ನಗರದಲ್ಲಿ ನಡೆಯಿತು. ಗಿಲ್ಮನ್ ಬೀದಿಯ ೯೨೪ನೆಯ ಸಂಖ್ಯೆಯ ಕಟ್ಟಡದಲ್ಲಿ ೧೯೮೬ನೆಯ ಇಸವಿಯ ಡಿಸೆಂಬರ್ ೩೧ರಂದು ತೆರೆದ ಸಭಾಗೃಹಕ್ಕೆ ಒಬ್ಬ ಒಡೆಯನಿರಲಿಲ್ಲ. ಸಂಬಳವಿಲ್ಲದ ಸ್ವಯಂಸೇವಕರು ಬಾಗಿಲು ಕಾಯುವುದು, ನೆಲ ಗುಡಿಸುವುದು, ಧ್ವನಿವರ್ಧಕವನ್ನು ನೋಡಿಕೊಳ್ಳುವುದು ಮೊದಲಾದ ಕೆಲಸಗಳನ್ನು ಹಂಚಿಕೊಂಡು, ಸಭೆ ಸೇರಿ ಮತದಿಂದ ತೀರ್ಮಾನಗಳನ್ನು ಮಾಡುತ್ತಿದ್ದರು. ಮದ್ಯ ಕೂಡದು, ಹೊಡೆದಾಟ ಕೂಡದು, ವರ್ಣದ್ವೇಷ ಕೂಡದು, ಸ್ತ್ರೀಯರ ಅವಹೇಳನ ಕೂಡದು ಎಂಬ ನಿಯಮಗಳನ್ನು ಅಲ್ಲಿ ಬರೆದು ಹಾಕಿದ್ದರು. ದೊಡ್ಡ ಧ್ವನಿಮುದ್ರಣ ಕಂಪೆನಿಗಳೊಡನೆ ಒಪ್ಪಂದ ಮಾಡಿಕೊಂಡ ಮೇಳಗಳಿಗೂ ಅಲ್ಲಿ ವೇದಿಕೆಯಿರಲಿಲ್ಲ. ಈ ಕೊನೆಯ ನಿಯಮವು ಅವರ ಮನೆಮಕ್ಕಳಿಗೇ ತಗುಲಿತು. ಆ ಕೋಣೆಯಲ್ಲಿ ಬೆಳೆದ ಗ್ರೀನ್ ಡೇ ಎಂಬ ಮೇಳವು ೧೯೯೩ರಲ್ಲಿ ಅಂತಹ ಕಂಪೆನಿಯೊಡನೆ ಸೇರಿತು; ೧೯೯೪ರಲ್ಲಿ ಹೊರಬಂದ ಅದರ ಧ್ವನಿಮುದ್ರಿಕೆಯು ಅಮೆರಿಕೆಯೊಂದರಲ್ಲಿಯೇ ಕೋಟಿ ಪ್ರತಿಗಳಿಗಿಂತ ಹೆಚ್ಚು ಹೋಯಿತು. ಲೋಕದ ದೊಡ್ಡ ದೊಡ್ಡ ಸಭಾಗೃಹಗಳು ಅದನ್ನು ಸ್ವಾಗತಿಸುತ್ತಿದ್ದಾಗ, ಹುಟ್ಟಿದ ಮನೆಯ ಬಾಗಿಲು ಮುಚ್ಚಿದ್ದಿತು. ೨೦೧೫ನೆಯ ಇಸವಿಯ ಮೇ ೧೭ರಂದು ಧರ್ಮಾರ್ಥ ನಿಧಿಸಂಗ್ರಹದ ಕಾರ್ಯಕ್ರಮವೊಂದರಲ್ಲಿ ಮಾತ್ರ ಅದು ಅದೇ ಹೆಸರಿನಿಂದ ಮತ್ತೆ ಆ ವೇದಿಕೆಯನ್ನೇರಿತು. ಆ ನಿಯಮವು ನಿರ್ದಾಕ್ಷಿಣ್ಯವಾದುದೆಂದು ಕೆಲವರಿಗೆ ಕಾಣಬಹುದು. ಆದರೆ ಕೀರ್ತಿವಂತನೊಬ್ಬನು ಬಂದ ರಾತ್ರಿ ಹೆಸರಿಲ್ಲದ ಹತ್ತು ಹುಡುಗರಿಗೆ ಆ ವೇದಿಕೆಯಲ್ಲಿ ಎಡೆಯಿಲ್ಲವಾಗುವುದೆಂಬ ಲೆಕ್ಕವನ್ನು ಗಿಲ್ಮನ್ ಬೀದಿಯವರು ಮರೆಯಲಿಲ್ಲ. ಚಿಕ್ಕ ಕೋಣೆಯಲ್ಲಿ ಸ್ಥಳವು ಮಿತವಾದುದು. ಅದು ಯಾರಿಗೆ ಸಲ್ಲಬೇಕೆಂಬುದನ್ನು ಯಾರಾದರೂ ತೀರ್ಮಾನಿಸಲೇಬೇಕು.

ಇಲ್ಲಿ ಹೇಳಿದ ವೃತ್ತಾಂತಗಳನ್ನು ಒಟ್ಟಿಗೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುವುದು. ನಾಲ್ಕು ಗೋಡೆಗಳು ಹತ್ತಿರವಾದ ಮಾತ್ರಕ್ಕೆ ಜನರು ಹತ್ತಿರವಾಗುವುದಿಲ್ಲ. ಲೋಟ ಎಸೆದವನೂ ಹತ್ತಿರವೇ ಇದ್ದನು. ಆದರೆ ನೋಡುವವನು ನಾಳೆ ಹಾಡುವವನಾಗಬಹುದೆಂಬ ಸಂಭವವು ಚಿಕ್ಕ ಕೋಣೆಯಲ್ಲಿ ಜೀವಂತವಾಗಿರುವಂತೆ ಕ್ರೀಡಾಂಗಣದಲ್ಲಿರಲಾರದು. ದೊಡ್ಡ ಸಭೆಯು ಆ ಸಂಗೀತಕ್ಕೆ ಲಕ್ಷಾಂತರ ಶ್ರೋತೃಗಳನ್ನು ಕೊಟ್ಟಿತು. ಮ್ಯಾಂಚೆಸ್ಟರಿನ ನಾಲ್ವತ್ತು ಮಂದಿಯ ಸಭೆಯು ಕೊಟ್ಟುದು ಸಂಗೀತಗಾರರನ್ನು. ಎರಡೂ ಬೇಕಾದುವೇ. ಮೊದಲನೆಯದನ್ನು ಪೋಷಿಸಲು ವ್ಯಾಪಾರವಿದೆ. ಎರಡನೆಯದಕ್ಕೆ ಅಂತಹ ಆಸರೆಯಿಲ್ಲ.

ಇದಕ್ಕೆ ಬವರಿ ಬೀದಿಯ ಕೋಣೆಯ ಅಂತ್ಯವೇ ಸಾಕ್ಷಿ. ಹಿಂದೆ ದಿಕ್ಕಿಲ್ಲದವರ ಬೀದಿಯಾಗಿದ್ದ ಬವರಿಯು ಕಾಲಕ್ರಮದಲ್ಲಿ ಸಿರಿವಂತರ ಬೀದಿಯಾಗುತ್ತ ಬಂದಿತು. ಬಾಡಿಗೆಯ ವ್ಯಾಜ್ಯವು ತಲೆದೋರಿ, ಕ್ರಿಸ್ಟಲನು ಕೋಣೆಯನ್ನು ಬಿಡಬೇಕಾಯಿತು. ೨೦೦೬ನೆಯ ಇಸವಿಯ ಅಕ್ಟೋಬರ್ ೧೫ರ ರಾತ್ರಿ ಕವಯಿತ್ರಿಯೂ ಗಾಯಕಿಯೂ ಆದ ಪ್ಯಾಟಿ ಸ್ಮಿತ್ ಅಲ್ಲಿ ಕೊನೆಯ ಕಚೇರಿಯನ್ನು ನಡೆಸಿದಳು. ಮರುವರ್ಷ ಆಗಸ್ಟಿನಲ್ಲಿ ಕ್ರಿಸ್ಟಲನು ತೀರಿಕೊಂಡನು. ೨೦೦೮ರಲ್ಲಿ ಆ ಸ್ಥಳದಲ್ಲಿ ಬೆಲೆಯುಳ್ಳ ಉಡುಪುಗಳ ಅಂಗಡಿಯೊಂದು ತೆರೆಯಿತು. ಭಿತ್ತಿಪತ್ರಗಳೂ ಗೀಚುಬರಹಗಳೂ ತುಂಬಿದ್ದ ಹಳೆಯ ಗೋಡೆಯ ಒಂದು ಭಾಗವನ್ನು ಅಂಗಡಿಯವರು ಕೆಡವದೆ, ಬಂದವರು ನೋಡಲೆಂದು ಗಾಜಿನ ಹಿಂದೆ ಉಳಿಸಿಕೊಂಡರು.